ಬಸವೇಶ್ವರನಗರದಿಂದ ಸುಂಕದಕಟ್ಟೆಗೆ

ಕರುಣಾಮಣಿ ಹೇಡಿ. ಚರ್ಚಿನವರು ಅವಳನ್ನು ಸಾಧು, ಮಿತಭಾಷಿ ಎಂದು ಹೊಗಳುತ್ತಿದ್ದರು. ಹೇಡಿತನಕ್ಕೆ ಅಂಥ ಒಳ್ಳೆಯ ಹೆಸರುಗಳು ಸುಲಭವಾಗಿ ಸಿಗುತ್ತವೆ.

ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸುವುದು ಅವಳ ಕೆಲಸ. ಮೂರು ವರ್ಷದ ಹಿಂದೆ ಅವಳ ಮೇಜಿನೆದುರಿನ, ತಗಡು ಒತ್ತುವ ಪ್ರೆಸ್ಸಿನಲ್ಲಿ ಯಲ್ಲಪ್ಪನ ಬಲಗೈಯ ಮೂರು ಬೆರಳು ಹೋದವು. ಕೆಲಸ ಬೇಗ ಸಾಗಲೆಂದು ಅಂದು ಬೆಳಗ್ಗೆ ಪ್ರೆಸ್ಸಿಗೆ ಕೈ ಸಿಗದಂತೆ ತಡೆಯುವ ಗಾರ್ಡ್ ಬಿಚ್ಚಿಸಿದವನು ಸೂಪರ್‌ವೈಸರ್ ರವಿಕುಮಾರ್. ಅದನ್ನು ಅವಳು ಕಣ್ಣಾರೆ ಕಂಡಿದ್ದಳು. ವಿಚಾರಣೆಯಲ್ಲಿ ಮಾತ್ರ "ನಾನು ನೋಡ್ಲಿಲ್ಲ ಸಾರ್" ಅಂದಳು. ಯಲ್ಲಪ್ಪನದೇ ಅಜಾಗ್ರತೆ ಎಂದು ಬರೆದು ಅವನನ್ನು ಮನೆಗೆ ಕಳಿಸಿದರು.

ರವಿಕುಮಾರ್ ಅವಳ ದೊಡ್ಡಪ್ಪನ ಮಗ, ನೌಕರಿ ಕೊಡಿಸಿದವನು. ಬಸವೇಶ್ವರನಗರದ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ವಾರವಿಡೀ ಅವಳು ತನ್ನ ತಟ್ಟೆಗೆ ತಾನೇ ಬಡಿಸಿಕೊಳ್ಳುತ್ತಿದ್ದಳು. ಭಾನುವಾರ ಅವನು ಸ್ಕೂಟರಿನಲ್ಲಿ ಚರ್ಚಿಗೆ ಕರೆದೊಯ್ದು, ಆಮೇಲೆ ತನ್ನ ಮನೆಯಲ್ಲಿ ಊಟಕ್ಕೆ ಕೂರಿಸುತ್ತಿದ್ದ. "ಇನ್ನೊಂದು ತುಂಡು ಹಾಕೇ, ನಮ್ಮಕ್ಕ ಗುಬ್ಬಿ ತಿಂದಂಗೆ ತಿಂತಾಳೆ" ಎಂದು ಹೆಂಡತಿಗೆ ಹೇಳುವ ಆ ದನಿಯೊಂದೇ ಅವಳ ಬಂಧುಬಳಗ.

ಮಾಡಬೇಕಾದ್ದು ಗೊತ್ತಿತ್ತು. ಯಾರಿಗೆ ಅನ್ಯಾಯ ಮಾಡಿದ್ದೇವೋ ಮೊದಲು ಅವರ ಬಳಿಗೆ ಹೋಗಬೇಕು, ದೇವರ ಮುಂದೆ ಬರುವುದು ಆಮೇಲೆ ಎಂದು ಸಂಡೇ ಸ್ಕೂಲಿನ ಮಕ್ಕಳಿಗೆ ಕಲಿಸಿದವಳೇ ಅವಳು. ಆದರೆ ಯಲ್ಲಪ್ಪನ ಬಳಿಗೆ ಹೋಗುವ ಬದಲು ಕರ್ತನ ಭೋಜನ ಬಿಟ್ಟಳು. ತಿಂಗಳ ಮೊದಲ ಭಾನುವಾರ ಎಲ್ಲರೂ ರೊಟ್ಟಿ, ದ್ರಾಕ್ಷಾರಸಕ್ಕೆ ಎದ್ದರೆ ಇವಳು ಬೆಂಚಿನಲ್ಲೇ ಕೂತಿರುವಳು. ಇದೇ ವಿಧೇಯತೆ ಎಂದು ತನಗೆ ತಾನೇ ಹೇಳಿಕೊಂಡಳು. ಮದ್ದು ಕುಡಿಯಲಾರದವರು ಪಥ್ಯ ಮಾಡಿದ ಹಾಗೆ.

ಯಲ್ಲಪ್ಪನ ಪರಿಹಾರದ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಲು ಬರುವ ಬುಧವಾರವೇ ಕೊನೆಯ ದಿನ ಎಂದು ಅವನ ವಕೀಲರು ಅವಳಿಗೆ ಫೋನ್ ಮಾಡಿದ್ದರು. ಆ ಭಾನುವಾರ, ಭೋಜನಕ್ಕೆ ಮುಂಚೆ ಒಬ್ಬರಿಗೊಬ್ಬರು ಕೈಕೊಡುವ ಹೊತ್ತಿನಲ್ಲಿ, ರವಿಕುಮಾರ್ ತಿರುಗಿ "ಸಮಾಧಾನ ಇರಲಿ ಅಕ್ಕ" ಎಂದು ಕೈ ಚಾಚಿದ. ಐದೂ ಬೆರಳು ಬೆಚ್ಚಗಿದ್ದವು. ಕರುಣಾಮಣಿ ಆ ಕೈ ಬಿಟ್ಟು, ಚೀಲ ತೆಗೆದುಕೊಂಡು ಹೊರಗೆ ನಡೆದಳು. ತಲೆಸುತ್ತು ಬಂದಿರಬೇಕು ಎಂದುಕೊಂಡರು ಅಕ್ಕಪಕ್ಕದವರು.

ಮಾಗಡಿ ರಸ್ತೆಯ ಬಸ್ಸು ಹಿಡಿದು ಸುಂಕದಕಟ್ಟೆಯಲ್ಲಿ ಇಳಿದು, ಮನೆ ಕೇಳಿಕೊಂಡು ಹೋದಳು. ಯಲ್ಲಪ್ಪ ಎಡಗೈಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ. ಬಾಗಿಲಲ್ಲಿ ನಿಂತೇ ಹೇಳಿದಳು: ಗಾರ್ಡ್ ಬಿಚ್ಚಿಸಿದ್ದನ್ನು ನೋಡಿದ್ದೆ, ಸುಳ್ಳು ಹೇಳಿದೆ, ಬುಧವಾರ ಕೋರ್ಟಿಗೆ ಬರುತ್ತೇನೆ.

ಅವನು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಮಾತಾಡಿದವಳು ಅವನ ಹೆಂಡತಿ ಮುತ್ತವ್ವ.

"ಬಸವೇಶ್ವರನಗರದಿಂದ ಇಲ್ಲಿಗೆ ಬರಾಕ ಮೂರು ವರ್ಸ ಬೇಕಾತೇನ್ರಿ?"

ಕರುಣಾಮಣಿ ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ಇವತ್ತು ಹೋಗಿ ತಮ್ಮನ ಮನ್ಯಾಗ ಉಣ್ತೀರಿ. ಬುಧವಾರ ನಿಮಗ ಜ್ವರ ಬರತೈತಿ, ಬಿಡ್ರಿ."

ಹಾಗೇ ಆದೀತು ಎಂಬ ಭಯ ಅವಳಿಗೂ ಇತ್ತು. ಚೀಲದಿಂದ ಫೋನ್ ತೆಗೆದು, ಅವರಿಬ್ಬರಿಗೂ ಕೇಳಲೆಂದು ಸ್ಪೀಕರ್ ಹಾಕಿ, ರವಿಕುಮಾರನ ನಂಬರ್ ಒತ್ತಿದಳು.

"ಎಲ್ಲಿ ಹೋದೆ ಅಕ್ಕ? ಊಟಕ್ಕೆ ಕಾಯ್ತಾ ಇದೀವಿ."

"ಕಾಯಬೇಡಪ್ಪ. ಯಲ್ಲಪ್ಪನ ಮನೇಲಿದೀನಿ. ಬುಧವಾರ ಕೋರ್ಟಲ್ಲಿ ಗಾರ್ಡ್ ವಿಷಯ ಹೇಳ್ತೀನಿ. ನಿನ್ನ ಹೆಸರೂ ಹೇಳ್ತೀನಿ."