ದೊಡ್ಡಪ್ಪ ಕೂರಿಸಿದ ಮೋಟಾರು ಸೀಟು

ನಮ್ಮ ದೊಡ್ಡಪ್ಪ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವ ಕೆಲಸದಲ್ಲಿದ್ದವರು. ಓದಿದ್ದು ಬರೀ ಅಂಕಿ. ಮಾತು ಕೇಳಿದರೆ ಮಾತ್ರ, ಅವರು ಬಾಗಿಲು ತಟ್ಟಿದ ಮೇಲೇ ಊರಿಗೆ ಬೆಳಕು ಬಂತು ಅನ್ನಿಸಬೇಕು. ಮನೆಯ ಫ್ಯಾನು ನಿಂತರೆ ಬೇರೆಯವರನ್ನು ಕರೆಸಲು ಬಿಡುತ್ತಿರಲಿಲ್ಲ, ತಾವೇ ಬಿಚ್ಚುತ್ತಿದ್ದರು. ಹಾಗೆ ಬಿಚ್ಚಿದ ಫ್ಯಾನುಗಳು ಇವತ್ತಿಗೂ ಅಟ್ಟದ ಮೇಲಿವೆ.

ಅವರ ಇನ್ನೊಂದು ಹೆಮ್ಮೆ, ತಮ್ಮ ಅಪ್ಪನಿಂದ ಬಂದ ಹಳೇ ಕಾರು. ದೊಡ್ಡಮ್ಮ, ಅಂದರೆ ನಮ್ಮಮ್ಮನ ಅಕ್ಕ, ತಲೆ ನೆರೆತ ಮೇಲೆ ಡ್ರೈವಿಂಗ್ ಕಲಿತು ಲೈಸೆನ್ಸ್ ತಂದಳು. ಆ ಕಾರನ್ನು ತಾನೇ ಓಡಿಸಿಕೊಂಡು ನಮ್ಮ ಮನೆಗೆ ಬರಬೇಕು, ಅದೊಂದೇ ಅವಳ ಆಸೆ. ದೊಡ್ಡಪ್ಪ ಕೀ ಕೊಡಲಿಲ್ಲ. ಕೊಡುವುದಿಲ್ಲ ಎಂದೂ ಹೇಳಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ನೀನು ಕುಳ್ಳಿ, ನಿನಗೆ ರಸ್ತೆ ಕಾಣುವುದಿಲ್ಲ, ಪೆಡಲಿಗೆ ಕಾಲು ಎಟಕುವುದಿಲ್ಲ ಅನ್ನುತ್ತಿದ್ದರು. ಮುಂದಿನ ಸೀಟು ಬೆಂಚಿನ ಹಾಗೆ ಉದ್ದಕ್ಕೆ ಒಂದೇ ಇದ್ದು, ಅಲುಗುತ್ತಿರಲಿಲ್ಲ ಎಂಬುದು ನಿಜ. ಹಾಗಾದರೆ ಸೀಟನ್ನೇ ಬದಲಾಯಿಸಿ ಎಂದು ನಮ್ಮಮ್ಮ ನೆಂಟರೆಲ್ಲರ ಎದುರು ಅಂದುಬಿಟ್ಟಳು. ದೊಡ್ಡಪ್ಪ ಸಿಕ್ಕಿಬಿದ್ದರು.

ಗುಜರಿಯಿಂದ ಹೊಸ ಕಾರೊಂದರ ಎರಡು ಮೋಟಾರು ಸೀಟು ಬಂದವು. ಸ್ವಿಚ್ಚು ಒತ್ತಿದರೆ ಏಳುತ್ತವೆ, ಇಳಿಯುತ್ತವೆ, ಹಿಂದೆ ಮುಂದೆ ಜರುಗುತ್ತವೆ. ಮೂಗಿಗಿಂತ ಮೂಗುತಿ ಭಾರ. ಅಂಥ ಮೋಟಾರಿಗೆ ದಪ್ಪ ವೈರು ಬೇಕು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಬೇಕು. ದೊಡ್ಡಪ್ಪ ಎಳೆದದ್ದು ಬಲ್ಬಿಗೆಂದು ತಂದು ಉಳಿದಿದ್ದ ವೈರು. ಫ್ಯೂಸು ಹೇಡಿಗಳಿಗಂತೆ. ಸಾಲದ್ದಕ್ಕೆ ಸೀಟಿನಲ್ಲೇ ಇದ್ದ ಸ್ವಿಚ್ಚು ಕಿತ್ತು, ಎರಡೂ ಸೀಟಿನ ವೈರನ್ನು ಡ್ರೈವರ್ ಪಕ್ಕ ತಾವು ಕೂರುವ ಕಡೆಯ ಬಾಗಿಲಿಗೆ ಒಯ್ದು, ಅಲ್ಲಿ ಕರೆಗಂಟೆಯ ಗುಂಡಿಗಳನ್ನು ಸಾಲಾಗಿ ಕೂರಿಸಿದರು. ಓಡಿಸುವವಳು ದೊಡ್ಡಮ್ಮ, ಅವಳ ಸೀಟು ಮಾತ್ರ ದೊಡ್ಡಪ್ಪನ ಕೈಯಲ್ಲಿ! ಕೇಳಿದರೆ, ಓಡಿಸುವವರ ಗಮನ ರಸ್ತೆಯ ಮೇಲಿರಬೇಕಂತೆ.

ನಮ್ಮ ಮನೆಯ ಕಡೆಗೆ ಹೊರಟ ಮೊದಲ ಸವಾರಿಯ ದಿನ ಹಿಂದಿನ ಸೀಟಿನಲ್ಲಿ ನಾನಿದ್ದೆ. ದೊಡ್ಡಮ್ಮ ಚೆನ್ನಾಗಿಯೇ ಓಡಿಸುತ್ತಿದ್ದಳು. ಅದನ್ನೇ ದೊಡ್ಡಪ್ಪನಿಗೆ ನೋಡಲಾಗಲಿಲ್ಲ. ತಿರುವು ಬಂತೆಂದು ಅವಳನ್ನು ಮೇಲೆತ್ತಿದರು, ಲಾರಿ ಬಂತೆಂದು ಹಿಂದಕ್ಕೆ ಎಳೆದರು. ಬ್ರೇಕು ಅವಳ ಕಾಲಿಗೆ ತಪ್ಪಿತು. ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ಬದಿಗೆ ನಿಲ್ಲಿಸಿದ ದೊಡ್ಡಮ್ಮ, ಇಷ್ಟು ಮುಂದೆ, ಇಷ್ಟು ಮೇಲೆ ಎಂದು ಹೇಳಿ ಹೇಳಿ ಸೀಟನ್ನು ತನಗೆ ಸರಿಯಾಗಿ ತರಿಸಿಕೊಂಡಳು.

"ಸಾಕು. ಇನ್ಮೇಲೆ ನನ್ನ ಸೀಟು ಮುಟ್ಬೇಡಿ" ಅಂದಳು.

ದೊಡ್ಡಪ್ಪನ ಕೈ ಸುಮ್ಮನಿರಬೇಕಲ್ಲ! ತಮ್ಮ ಸೀಟಿನ ಗುಂಡಿಯನ್ನೇ ಒತ್ತತೊಡಗಿದರು. ಗುಂಡಿ ಒಳಗೇ ಕಚ್ಚಿಕೊಂಡಿತು. ಸೀಟು ದೊಡ್ಡಪ್ಪನನ್ನು ನಿಧಾನವಾಗಿ ಮುಂದಕ್ಕೆ ಒಯ್ದು, ಮಂಡಿಗಳನ್ನು ಡ್ಯಾಶ್‌ಬೋರ್ಡಿಗೆ ಅಮುಕಿತು. ಸುಟ್ಟ ವಾಸನೆ ಬಂತು. ದೊಡ್ಡಮ್ಮ ಇಳಿದು, ಬಾನೆಟ್ ಎತ್ತಿ, ಕೈಗೆ ಬಟ್ಟೆ ಸುತ್ತಿಕೊಂಡು ಎರಡೂ ಸೀಟಿಗೆಂದು ಬ್ಯಾಟರಿಗೆ ಸುತ್ತಿದ್ದ ಆ ವೈರನ್ನು ಕಿತ್ತಳು. ಸೀಟು ಅಲ್ಲೇ ನಿಂತಿತು. ದೊಡ್ಡಪ್ಪನೂ ಅಲ್ಲೇ ಮುದುರಿಕೊಂಡಿದ್ದರು. ವೈರು ಮತ್ತೆ ಸಿಕ್ಕಿಸು ಎಂದು ಅಲ್ಲಿಂದಲೇ ಅಪ್ಪಣೆ ಮಾಡಿದರು.

"ಸಿಕ್ಕಿಸಿದ್ರೆ ಕಾರೇ ಹೊತ್ಕೊಳ್ಳುತ್ತೆ ರೀ. ತಂಗಿ ಮನೆ ಇನ್ನೇನು ಬಂತು, ತಡ್ಕೊಳ್ಳಿ" ಎಂದು ದೊಡ್ಡಮ್ಮ ಕಾರು ಹೊರಡಿಸಿದಳು. ಪಕ್ಕದಲ್ಲೇ ಬಾಗಿಲಿತ್ತು, ಹೊರಡುವ ಮೊದಲೇ ದೊಡ್ಡಪ್ಪ ಜಾರಿ ಇಳಿದು ನಡೆಯಬಹುದಿತ್ತು. ಆದರೆ ಕಾರನ್ನು ಅವಳ ಕೈಗೆ ಬಿಟ್ಟು ಇಳಿಯುವುದುಂಟೇ? ಮಂಡಿ ನೋಯಿಸಿಕೊಂಡೇ ಬಂದರು.

ನಮ್ಮ ಮನೆ ಬರುವಷ್ಟರಲ್ಲಿ ಕಾಲು ಮರಗಟ್ಟಿದ್ದ ಅವರನ್ನು ನಾನೂ ಅಮ್ಮನೂ ಸೇರಿ ಹೊರಗೆಳೆದೆವು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಈಗಿನ ಕಾಲದ ಸೀಟೇ ಸರಿಯಿಲ್ಲ ಅಂದರು.

ಹೊರಡುವಾಗ, ಇನ್ನು ನಾನೇ ಓಡಿಸುತ್ತೇನೆ ಎಂದು ಕೀಗೆ ಕೈ ಚಾಚಿದರು. ದೊಡ್ಡಮ್ಮ ಕೊಟ್ಟಳು. ಅವರು ಸ್ಟಿಯರಿಂಗ್ ಮುಂದೆ ಕೂರಲು ಹೋದರು, ಹೊಟ್ಟೆ ತಡೆಯಿತು. ಉಸಿರು ಬಿಗಿಹಿಡಿದು ನುಗ್ಗಿದರು, ಮಂಡಿ ತಡೆಯಿತು. ಒಂದು ಕಾಲು ಒಳಗೆ, ಒಂದು ಕಾಲು ರಸ್ತೆಯಲ್ಲಿ. ಸೀಟು ದೊಡ್ಡಮ್ಮನ ಅಳತೆಗೆ ನಿಂತಿತ್ತು, ಸರಿಸಲು ಕರೆಂಟಿರಲಿಲ್ಲ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ದೊಡ್ಡಪ್ಪ ಇಳಿದು, ಯಾರನ್ನೂ ನೋಡದೆ ಕೀ ಕೊಟ್ಟು, ಹಿಂದಿನ ಸೀಟಿಗೆ ಹೋಗಿ ಕೂತರು.

ಈಗ ದೊಡ್ಡಮ್ಮ ಮನಸ್ಸು ಬಂದಾಗಲೆಲ್ಲ ನಮ್ಮಲ್ಲಿಗೆ ಬರುತ್ತಾಳೆ, ಒಬ್ಬಳೇ. ಮೆಕ್ಯಾನಿಕ್‌ನನ್ನು ಕರೆಸಿ ಸೀಟು ರಿಪೇರಿ ಮಾಡಿಸೋಣ ಎಂದು ದೊಡ್ಡಪ್ಪ ಗೋಗರೆಯುತ್ತಲೇ ಇದ್ದಾರೆ.

"ರಿಪೇರಿ ಯಾಕೆ?" ಅನ್ನುತ್ತಾಳೆ ದೊಡ್ಡಮ್ಮ. "ಓಡಿಸೋಳಿಗೆ ಸರಿಯಾಗೇ ಇದೆ."