ಆಯಿಲ್ ಹುಡುಕಿಕೊಂಡು ಹರಿಹರಕ್ಕೆ

ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರು. ಬಸ್ಸಿನಲ್ಲಾದರೆ ಕಂಡಕ್ಟರ್ ಚಿಲ್ಲರೆ ವಾಪಸ್ ಕೊಡುವಷ್ಟರಲ್ಲಿ ಊರೇ ಬಂದುಬಿಡುತ್ತದೆ. ಇಷ್ಟಕ್ಕೂ ಒಂದು ಪ್ರವಾಸ ಕಥನವೇ ಎಂದು ನಗುವವರು ನಗಲಿ. ರೈಲಿನಲ್ಲಿ ದೆಹಲಿಗೆ ಹೋಗಿ ಬಂದವಳು ನಾನು. ಆ ದಾರಿಯೂ ನನಗೆ ಇಷ್ಟು ಉದ್ದ ಅನ್ನಿಸಿರಲಿಲ್ಲ.

ನಮ್ಮದು ಮಂಡಕ್ಕಿ ವ್ಯಾಪಾರ. ದೇವರಾಜ ಅರಸು ಬಡಾವಣೆಯಲ್ಲಿ ಗೋದಾಮು. ಅಣ್ಣ ಗಲ್ಲಾ ನೋಡಿಕೊಳ್ಳುತ್ತಾನೆ, ಅಂಗಡಿ ಅಂಗಡಿಗೆ ಮಾಲು ಮುಟ್ಟಿಸುವ ತಲೆನೋವು ನನ್ನದು. ಮಾಲು ಹೊರಲು ಇರುವುದು ಒಂದೇ ಒಂದು ಹಳೇ ಪಿಕಪ್. ಅದನ್ನು ಅಪ್ಪ ಇದ್ದ ಕಾಲದಿಂದಲೂ ಓಡಿಸುತ್ತಿರುವವನು ರಫೀಕಣ್ಣ.

ದೀಪಾವಳಿ ಕಳೆದ ಮೇಲೆ ಈ ಗಾಡಿಯ ಇಂಜಿನ್ ಆಯಿಲ್ ಕಾಣೆಯಾಗತೊಡಗಿತು. ಬೆಳಿಗ್ಗೆ ರಫೀಕಣ್ಣ ಅಳತೆಯ ಕಡ್ಡಿ ಎಳೆದು ನೋಡಿದರೆ ಕೆಳಗಿನ ಗೆರೆಗಿಂತಲೂ ಕೆಳಗೆ. ಸುರಿಯುವುದು, ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಅದೇ ಕಥೆ. ನೆಲದ ಮೇಲೆ ಮಾತ್ರ ಒಂದು ತೊಟ್ಟೂ ಬಿದ್ದಿರುತ್ತಿರಲಿಲ್ಲ. ಅಣ್ಣನ ತಲೆ ಕೆಟ್ಟಿತು. ನಾವು ಹೊರಡುವ ಬೆಳಿಗ್ಗೆ ರಫೀಕಣ್ಣನ ಎದುರಿಗೇ ಅಂದುಬಿಟ್ಟ: "ಹರಿಹರದ ಮೇಸ್ತ್ರಿ ನೋಡ್ಲಿ. ಇಂಜಿನ್ ಕೆಟ್ಟಿದ್ರೆ ಗಾಡಿ ಗುಜರಿಗೆ ಹಾಕಾನ. ಇಂಜಿನ್ ಚಲೋ ಐತೆ ಅಂದ್ರೆ ಆಯಿಲ್ ಯಾರ ಕೈಯಾಗ ಹೋಗ್ತೈತೆ ಅಂತ ಗೊತ್ತಾದಂಗಾತು. ನಾಳಿಂದ ಇವ್ನು ಬರಾದು ಬ್ಯಾಡ." ಜೊತೆಗೆ ಹೋಗಿ ಕಣ್ಣಿಟ್ಟು ನೋಡು ಎಂದು ನನ್ನನ್ನೂ ಹತ್ತಿಸಿದ.

ಅವ್ವನಿಗೆ ಇದಾವುದೂ ಬೇಕಿರಲಿಲ್ಲ. ಎಂದಿನಂತೆ ಬಾನೆಟ್ಟಿಗೆ ವಿಭೂತಿ ಹಚ್ಚಿ ಹೂವಿಟ್ಟಳು. ಅನ್ನ ಕೊಡುವ ಗಾಡಿ ಬಾಗಿಲಿಗೆ ಬೆನ್ನು ಹಾಕಿ ನಿಲ್ಲಬಾರದು ಎಂಬುದು ಈ ದೀಪಾವಳಿಯ ಪೂಜೆಯಿಂದ ಶುರುವಾದ ಅವಳ ಹಠ. ಹಾಗಾಗಿ ರಸ್ತೆಯ ಮೇಲೆ ನಿಲ್ಲುತ್ತಿದ್ದ ಗಾಡಿಯನ್ನು ಈಗ ಗೋದಾಮಿನ ಇಳಿಜಾರು ಕಲ್ಲಿಗೆ ಮುಂದಿನ ಗಾಲಿ ಹತ್ತಿಸಿ, ಮೂತಿ ಬಾಗಿಲಿಗೆ ಮಾಡಿ ನಿಲ್ಲಿಸುತ್ತೇವೆ. ಪೂಜೆ ಮುಗಿದ ಮೇಲೆ ರಫೀಕಣ್ಣ ಕಡ್ಡಿ ಎಳೆದ. ತುದಿಗೆ ಮಾತ್ರ ಆಯಿಲ್ ಹತ್ತಿತ್ತು. ಒಂದು ಲೀಟರ್ ಸುರಿದು, ಖಾಲಿ ಡಬ್ಬಿಯನ್ನು ಅಣ್ಣನ ಕಾಲ ಬಳಿ ಇಟ್ಟು ಗಾಡಿ ಹತ್ತಿದ.

ಪಿ.ಬಿ. ರಸ್ತೆಗೆ ಬಂದಾಗ ಬಿಸಿಲು ಇನ್ನೂ ಎಳಸಾಗಿತ್ತು. ಊರು ದಾಟಿದ ಮೇಲೆ ರಸ್ತೆಯ ಅಂಚಿನುದ್ದಕ್ಕೂ ಭತ್ತ ಒಣಗಲು ಹರವಿದ್ದರು. ಬೇರೆ ದಿನವಾಗಿದ್ದರೆ ರಫೀಕಣ್ಣ ಎದುರು ಬಂದ ಪ್ರತಿ ಡ್ರೈವರನ ವಂಶಾವಳಿ ಬಿಡಿಸುತ್ತಿದ್ದ. ಅವತ್ತು ಅವನ ಕಣ್ಣು ಪಕ್ಕದ ಕನ್ನಡಿಯಿಂದ ಕದಲುತ್ತಿರಲಿಲ್ಲ.

ಅರ್ಧ ದಾರಿಯಲ್ಲಿ ಒಂದು ಲಾರಿಯನ್ನು ಹಿಂದೆ ಹಾಕಲು ಆಕ್ಸಿಲರೇಟರ್ ಒತ್ತಿದ. ಹಿಂದೆ ಆಯಿಲ್ ಉರಿದ ನೀಲಿ ಹೊಗೆ ಎದ್ದಿತು.

"ಹೊಗಿ ಬಂತು ನೋಡ್ರಿ ಅಕ್ಕಾರೆ," ಎಂದ. ಮುಖ ಅರಳಿತ್ತು. "ಇಂಜಿನ್ ಹೋಗಿರ್ಬೇಕು."

ಮಗ ಪಾಸಾದ ಸುದ್ದಿ ಹೇಳುವವನ ಹಾಗೆ ಹೇಳಿದ. ನನಗೂ ಎದೆ ಹಗುರಾಯಿತು. ಮರುಗಳಿಗೆಯೇ ಸಿಟ್ಟು ಬಂತು. ಇರುವ ಒಂದು ಗಾಡಿ ಹಾಳಾಗಲಿ ಎಂದು ನಾವಿಬ್ಬರೂ ಹರಕೆ ಹೊರುವ ಹಾಗಾಗಿತ್ತಲ್ಲ, ಅಣ್ಣನ ಬಾಯಿಂದ.

ಒಂದು ಗೂಡಂಗಡಿಯ ಮುಂದೆ ನಿಲ್ಲಿಸಿದೆವು. ಮಿರ್ಚಿ ಬಜ್ಜಿ ಬಿಸಿಯಾಗಿತ್ತು, ಟೀ ಕಡಕ್ ಆಗಿತ್ತು. ರಫೀಕಣ್ಣ ಮಿರ್ಚಿ ಮುಟ್ಟಲಿಲ್ಲ.

"ತಿನ್ನು ಮಾರಾಯ," ಅಂದೆ.

"ಅಪ್ಪಾರಿದ್ದಿದ್ರೆ ಈ ಮಾತು ಬರ್ತಿತ್ತೇನ್ರಿ?" ಎಂದ. "ನಾ ಕದ್ದಿಲ್ಲ ಅಂತ ನಾನಾ ಹೆಂಗ್ ಹೇಳ್ಲಿ? ಇಂಜಿನ್ನಾ ಹೇಳ್ಬೇಕು."

ಅವನ ಮಿರ್ಚಿಯನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಗಾಡಿ ಹತ್ತಿದೆ.

ಹರಿಹರದಲ್ಲಿ ಹೊಳೆ ಸೇತುವೆಯ ಈಚೆಗೆ ಮಂಜಪ್ಪ ಮೇಸ್ತ್ರಿಯ ಗಾಡಿ ರಿಪೇರಿ ಶೆಡ್ಡು. ಮೇಸ್ತ್ರಿ ಗಾಡಿಯ ಅಡಿಗೆ ನುಗ್ಗಿ ಟಾರ್ಚ್ ಬಿಟ್ಟು ನೋಡಿದ. ಎಲ್ಲಾ ಒಣ. ಇಂಜಿನ್ ಚಾಲೂ ಇರುವಾಗಲೇ ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿದ. ಇಂಜಿನ್ ಸವೆದಿದ್ದರೆ ಅಲ್ಲಿಂದ ಗಾಳಿ ಒತ್ತಿ ಬರಬೇಕು, ಬರಲಿಲ್ಲ. ಆಫ್ ಮಾಡಿಸಿ ಕೈ ಒರೆಸಿಕೊಂಡ.

"ಚಲೋ ಐತ್ರಿ. ಇಂಜಿನ್‌ಗೆ ಏನೂ ಆಗಿಲ್ಲ."

ರಫೀಕಣ್ಣ ಬಾನೆಟ್ಟಿನ ಅಂಚು ಹಿಡಿದು ನಿಂತ. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ನನಗೂ ಅನುಮಾನ ಬಂತು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನ ಮೇಲೆ ಅನುಮಾನ.

"ಮತ್ತ ಹೊಗಿ ಯಾಕ ಬಂತು?" ಎಂದು ಮೇಸ್ತ್ರಿಯ ಮೇಲೆ ಹರಿಹಾಯ್ದೆ. ಅವನು ಬಾಯಿ ತೆರೆಯುವ ಮೊದಲೇ ಕಡ್ಡಿಯನ್ನು ನಾನೇ ಎಳೆದೆ. ಒರೆಸಿ, ಮತ್ತೆ ಹಾಕಿ ಎಳೆದೆ. ಆಯಿಲ್ ಮೇಲಿನ ಗೆರೆ ದಾಟಿ ಎರಡು ಬೆರಳು ಮೇಲಿತ್ತು.

"ಇಷ್ಟು ಯಾರ್ರೀ ಸುರಿದೋರು?" ಎಂದ ಮೇಸ್ತ್ರಿ. "ಜಾಸ್ತಿ ಆದದ್ದು ಮ್ಯಾಲೆ ಬಂದು ಉರಿದು ಹೋಗ್ತೈತೆ. ಹೊಗಿ ಬರಾದು ಅದಕ್ಕಾ."

ಬೆಳಿಗ್ಗೆ ತಳ ಕಂಡಿದ್ದ ಆಯಿಲ್ ಒಂದು ಲೀಟರಿಗೆ ಇಷ್ಟು ಮೇಲೆ ಬರುವುದುಂಟೆ? ಕಾಲ ಕೆಳಗೆ ನೋಡಿದೆ. ಶೆಡ್ಡಿನ ನೆಲ ಸಪಾಟಾಗಿತ್ತು. ಆಗ ಅವ್ವನ ವಿಭೂತಿ, ಇಳಿಜಾರು ಕಲ್ಲು, ಆಕಾಶ ನೋಡುತ್ತ ನಿಂತ ನಮ್ಮ ಗಾಡಿ ಕಣ್ಣ ಮುಂದೆ ಬಂದವು.

"ರಫೀಕಣ್ಣ, ಮುಂದಿನ ಗಾಲಿ ಆ ದಿಬ್ಬಕ್ಕೆ ಹತ್ಸು."

ಹತ್ತಿಸಿದ. ಆಯಿಲ್ ಇಳಿದು ನಿಲ್ಲಲೆಂದು ಕಾದೆವು. ನನಗೆ ಕೂರಲು ಆಗಲಿಲ್ಲ. ಮತ್ತೆ ಕಡ್ಡಿ ಎಳೆದರೆ ತುದಿಗೆ ಮಾತ್ರ ಆಯಿಲ್. ಮೂತಿ ಮೇಲಾದಾಗ ಆಯಿಲ್ ಹಿಂದಕ್ಕೆ ಸರಿಯುತ್ತಿತ್ತು, ಕಡ್ಡಿ ಇದ್ದದ್ದು ಮುಂದೆ. ಹಬ್ಬದಿಂದೀಚೆಗೆ ತುಂಬಿದ ಹೊಟ್ಟೆಗೇ ನಾವು ಉಣಬಡಿಸುತ್ತಿದ್ದೆವು.

ನಾನು ಜೋರಾಗಿ ನಕ್ಕೆ. ರಫೀಕಣ್ಣ ನಗಲಿಲ್ಲ. ನಲ್ಲಿಯ ಬಳಿ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡ.

ಮೇಸ್ತ್ರಿ ಹೆಚ್ಚಿನ ಆಯಿಲ್ ಇಳಿಸಿಕೊಟ್ಟ. ವಾಪಸ್ ಬರುವಾಗ ಕನ್ನಡಿಯಲ್ಲಿ ಬರೀ ರಸ್ತೆ ಕಾಣುತ್ತಿತ್ತು. ಫೋನಿನಲ್ಲಿ ಅಣ್ಣನಿಗೆ ಎಲ್ಲ ಹೇಳಿ, ಅವನು ಮಾತಾಡುವ ಮೊದಲೇ ಇಟ್ಟುಬಿಟ್ಟೆ.

ಗೋದಾಮಿನ ಮುಂದೆ ರಫೀಕಣ್ಣ ಗಾಡಿಯನ್ನು ಕಲ್ಲಿಗೆ ಹತ್ತಿಸಲಿಲ್ಲ. ರಸ್ತೆಯ ಮೇಲೇ ನಿಲ್ಲಿಸಿದ. ಅಣ್ಣ ಹೊರಗೆ ಬಂದು, "ಏನೋ ಸಿಟ್ಟಿನಾಗ ಅಂದೆ, ಮನಸ್ಸಿಗೆ ಹಚ್ಕೋಬ್ಯಾಡ," ಎಂದ.

ರಫೀಕಣ್ಣ ಬಾನೆಟ್ ಎತ್ತಿದ. ಕಡ್ಡಿ ಎಳೆದು, ಬಟ್ಟೆಯಿಂದ ಚೆನ್ನಾಗಿ ಒರೆಸಿ, ಅಣ್ಣನ ಕೈಗೆ ಕೊಟ್ಟ.

"ಗಾಡಿ ನಾ ಓಡಿಸ್ತೀನಿ ಯಜಮಾನ್ರೆ. ಇದನ್ನ ಇನ್ಮ್ಯಾಲೆ ನೀವಾ ನೋಡ್ರಿ."

ದಿನಾ ಬೆಳಿಗ್ಗೆ ಅಣ್ಣನೇ ನೋಡುತ್ತಾನೆ. ಅವನು ಬಗ್ಗಿ ನೋಡಿ ತಲೆ ಎತ್ತುವವರೆಗೂ ರಫೀಕಣ್ಣ ರಸ್ತೆಯ ಆಚೆ ಬದಿಯಲ್ಲಿ ನಿಂತಿರುತ್ತಾನೆ.