ಅಂಗೈಯ ತಂಪು

ನಮ್ಮ ಚಿಕ್ಕಪ್ಪ ಎ.ಸಿ. ಮೆಕ್ಯಾನಿಕ್. ಶಿವಾಜಿನಗರದ ಗುಜರಿ ಅಂಗಡಿಗಳ ಸಾಲಿನಲ್ಲಿ ಅವನದೊಂದು ಇಕ್ಕಟ್ಟಾದ ಮಳಿಗೆ. ಐಟಿಐ ಮುಗಿಸಿದ ಮೇಲೆ ನಾನು ಅಲ್ಲೇ ಕೆಲಸಕ್ಕೆ ಸೇರಿಕೊಂಡೆ. ನನ್ನದು ಮೊದಲಿನಿಂದಲೂ ದುಡುಕು ಬಾಯಿ, ಅವನದು ಮಹಾ ತಾಳ್ಮೆ. ಆದ್ದರಿಂದ ಗಿರಾಕಿಗಳ ಜೊತೆ ಮಾತಾಡುವ ಕೆಲಸ ಅವನದೇ ಆಗಿತ್ತು.

ಹಳೇ ಎ.ಸಿ. ಬಿಚ್ಚುವ ಮುಂಚೆ ಅದರೊಳಗಿನ ಗ್ಯಾಸನ್ನು ಎಲ್ಲರೂ ಗಾಳಿಗೆ ಬಿಟ್ಟುಬಿಡುತ್ತಿದ್ದರು. ಚಿಕ್ಕಪ್ಪನೂ ವಾಲ್ವ್ ಸಡಿಲ ಮಾಡುತ್ತಿದ್ದ. ಬುಸ್ಸೆಂದು ಗ್ಯಾಸ್ ಹೊರಬೀಳುವಾಗ ಸ್ವಲ್ಪ ದೂರದಲ್ಲಿ ಅಂಗೈ ಹಿಡಿದು, ಮಂಗಳಾರತಿ ತೆಗೆದುಕೊಂಡ ಹಾಗೆ ಆ ತಂಪನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ. “ಇಷ್ಟು ವರ್ಷ ಯಾರ್ಯಾರನ್ನೋ ತಣ್ಣಗಿಟ್ಟಿದೆ ಕಣೋ. ಹೋಗೋವಾಗ ನಮಗೂ ಒಂಚೂರು ಕೊಟ್ಟು ಹೋಗುತ್ತೆ” ಅನ್ನುತ್ತಿದ್ದ. ನಾನೂ ಅಂಗೈ ಹಿಡಿಯುತ್ತಿದ್ದೆ. ಏಪ್ರಿಲ್ ಬಿಸಿಲಲ್ಲಿ ಯಾರದೋ ಮನೆಯ ತಾರಸಿ ಮೇಲೆ ನಿಂತಿರುವಾಗ ಅದಕ್ಕಿಂತ ದೊಡ್ಡ ಪ್ರಸಾದ ನಾನು ಬೇರೆ ಕಂಡಿಲ್ಲ.

ಮೂರು ವರ್ಷದ ಹಿಂದೆ ಕೆ.ಆರ್. ಪುರದಲ್ಲಿ ಮೆಕ್ಯಾನಿಕ್‌ಗಳಿಗೆ ಅಂತ ಒಂದು ತರಬೇತಿ ನಡೆಯಿತು. ಊಟ ಚೆನ್ನಾಗಿರುತ್ತೆ ಅಂತ ಯಾರೋ ಹೇಳಿದ್ದಕ್ಕೆ ಹೋದೆ. ಪಾಠ ಮಾಡಿದ ಮೇಡಂ ಹೇಳಿದರು: “ಈ ಗ್ಯಾಸ್ ಕಣ್ಣಿಗೆ ಕಾಣಲ್ಲ, ಹಾಗಾಗಿ ನಿಮಗೆ ಇದು ಹೊಗೆ ಅನ್ನಿಸಲ್ಲ. ಮೇಲೆ ಹೋಗಿ ಭೂಮಿಯ ಕಾವನ್ನ ಆಚೆ ಹೋಗೋಕೆ ಬಿಡದೆ ಹಿಡಿದಿಟ್ಕೊಳ್ಳುತ್ತೆ. ನೀವು ಒಂದು ಕೆಜಿ ಬಿಟ್ರೆ ಹತ್ತಿರ ಹತ್ತಿರ ಎರಡು ಸಾವಿರ ಕೆಜಿ ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ.” ವಾಪಸ್ ಬರುವಾಗ ಟಿನ್ ಫ್ಯಾಕ್ಟರಿ ಸ್ಟಾಪಿನ ಹತ್ತಿರ ಬಸ್ಸು ನಿಂತಲ್ಲೇ ನಿಂತಿತ್ತು. ಸುತ್ತ ಲಾರಿಗಳು ಹೊಗೆ ಕಾರುತ್ತಿದ್ದವು. ಈ ಲಾರಿಯವರನ್ನೆಲ್ಲ ಬೈದುಕೊಂಡು ಓಡಾಡುತ್ತಿದ್ದ ನಾನು ನನ್ನ ಅಂಗೈ ನೋಡಿಕೊಂಡೆ.

ಮಳಿಗೆಗೆ ಬಂದವನೇ, ಅಕ್ಕಪಕ್ಕದವರೆಲ್ಲ ಟೀ ಕುಡಿಯುತ್ತಾ ಕೂತಿದ್ದಾಗಲೇ ಹೇಳಿಬಿಟ್ಟೆ: “ಚಿಕ್ಕಪ್ಪಾ, ನೀನು ಇಷ್ಟು ವರ್ಷ ಬಿಟ್ಟಿರೋ ಗ್ಯಾಸಿನ ಮುಂದೆ ನಮ್ಮ ಶಿವಾಜಿನಗರ ಬಸ್‌ಸ್ಟ್ಯಾಂಡಿನ ಹೊಗೆ ಏನೂ ಅಲ್ಲ.”

ಅವನಿಗೆ ಸಿಟ್ಟು ಬರಲಿಲ್ಲ. “ಗಾಳೀನ ಗಾಳಿಗೆ ಬಿಡ್ತಿದ್ದೀನಿ ಅಂದ್ಕೊಂಡಿದ್ನಲ್ಲೋ” ಅಂದ. ಟೀ ಲೋಟ ಕೆಳಗಿಟ್ಟ. ಮಾರನೇ ವಾರ ಅವನೇ ಗ್ಯಾಸ್ ಹಿಡಿಯುವ ಮೆಷಿನ್ ತಂದ. ಎ.ಸಿ.ಯಲ್ಲಿ ಉಳಿದ ಗ್ಯಾಸನ್ನು ಅದು ಸಿಲಿಂಡರಿಗೆ ಎಳೆದುಕೊಳ್ಳುತ್ತದೆ. ಶುದ್ಧ ಮಾಡಿಸಿದರೆ ಮತ್ತೆ ಉಪಯೋಗಕ್ಕೆ ಬರುತ್ತದೆ. ಲೀಕ್ ಎಲ್ಲಿದೆ ಅಂತ ಹುಡುಕದೆ ಗ್ಯಾಸ್ ತುಂಬುವುದನ್ನೂ ನಿಲ್ಲಿಸಿದೆವು. ಕೆಲಸ ನಿಧಾನವಾಯಿತು. “ಬೇರೆಯವರು ಹತ್ತು ನಿಮಿಷದಲ್ಲಿ ಬಿಚ್ಕೊಂಡು ಹೋಗ್ತಾರೆ ರೀ” ಅಂತ ಗಿರಾಕಿಗಳು ಗೊಣಗಿದರೆ ಚಿಕ್ಕಪ್ಪ ಸಮಾಧಾನ ಹೇಳುತ್ತಿದ್ದ. ಆದರೆ ಅಂಗೈ ಹಿಡಿಯುವುದು ನಿಂತುಹೋಯಿತು. ಹಿಡಿಯುವುದಕ್ಕೆ ತಂಪು ಇರಲಿಲ್ಲ.

ಹೋದ ಬೇಸಿಗೆಯಲ್ಲಿ ಅವನು ಹಾಸಿಗೆ ಹಿಡಿದ. ಕಿಡ್ನಿ ಎರಡೂ ಕೈಕೊಟ್ಟಿದ್ದವು. ಹೊಸ ತಿಪ್ಪಸಂದ್ರದಲ್ಲಿ ಅವನ ಮನೆ. ಶೀಟಿನ ಮಾಡು, ಮಧ್ಯಾಹ್ನವಾದರೆ ಒಳಗೆ ಕೂರಲಾಗದು. ಎ.ಸಿ. ಹಾಕುತ್ತೇನೆಂದರೆ ಕೆಮ್ಮು ಬರುತ್ತದೆ ಅಂತ ಒಪ್ಪಲಿಲ್ಲ. ಒಂದು ದಿನ ಸಿ.ವಿ. ರಾಮನ್ ನಗರದಲ್ಲಿ ಬಿಚ್ಚಿದ ಎ.ಸಿ.ಯ ಹೊರಗಿನ ಪೆಟ್ಟಿಗೆಯನ್ನು ಗ್ಯಾಸ್ ಸಮೇತ ಮಳಿಗೆಗೆ ಒಯ್ಯುತ್ತಾ, ಅವನನ್ನು ನೋಡಿಕೊಂಡು ಹೋಗೋಣವೆಂದು ಬಂದು ಅವನ ಜಗಲಿಯಲ್ಲಿ ಇಟ್ಟಿದ್ದೆ. ಮಲಗಿದ್ದಲ್ಲಿಂದಲೇ ಅವನಿಗೆ ಅದು ಕಂಡಿತು.

“ಅದ್ರಲ್ಲಿ ಗ್ಯಾಸ್ ಇದ್ಯೇನೋ?”

“ಇದೆ ಚಿಕ್ಕಪ್ಪ.”

“ಒಂದೇ ಒಂದ್ಸಲ ಬಿಡೋ. ಅಂಗೈಗೆ ಹಿಡ್ಕೋತೀನಿ. ಮೈಯೆಲ್ಲ ಉರೀತಿದೆ.”

ನಾನು ಏನಂದೆ ಗೊತ್ತೆ? “ಬಿಡೋ ಹಾಗಿಲ್ಲ, ತಪ್ಪಾಗುತ್ತೆ. ನೀನೇ ಹಿಂಗಂದ್ರೆ ಹೆಂಗೆ?” ಅಂದೆ. ತರಬೇತಿಯ ಮೇಡಂ ಕೂಡ ಅಷ್ಟು ಬಿಗಿಯಾಗಿ ಮಾತಾಡಿರಲಿಲ್ಲ.

“ಹೌದಲ್ವಾ, ಮರ್ತೇಬಿಟ್ಟಿದ್ದೆ” ಅಂದ ಚಿಕ್ಕಪ್ಪ. ನಾನು ಐಸ್ ನೀರಲ್ಲಿ ಬಟ್ಟೆ ಅದ್ದಿ ಹಿಂಡಿ ಅವನ ಅಂಗೈ ಮೇಲಿಟ್ಟೆ. ನನಗೆ ಬೇಜಾರಾಗಬಾರದು ಅಂತಲೋ ಏನೋ, ಅದನ್ನೇ ಮೆಲ್ಲಗೆ ಎತ್ತಿ ಕಣ್ಣಿಗೊತ್ತಿಕೊಂಡ. ನಾಲ್ಕನೇ ದಿನ ತೀರಿಕೊಂಡ.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಚಿಕ್ಕಮ್ಮ ಜಗಲಿಯ ಪೆಟ್ಟಿಗೆ ನೋಡುತ್ತಾ, “ಅವರು ಕೇಳಿದ್ದು ಅದೊಂದೇ ಅಲ್ವೇನಪ್ಪಾ?” ಅಂದರು. ಅವರ ಮಾತಲ್ಲಿ ಕೋಪವಿರಲಿಲ್ಲ. ಒಂದು ಬೊಗಸೆ ಗ್ಯಾಸಿಗೆ ಲೋಕ ಮುಳುಗುತ್ತಿರಲಿಲ್ಲ, ನನಗೂ ಗೊತ್ತು. ಒಂದು ಬೊಗಸೆ ತಾನೇ ಅಂತ ಎಲ್ಲರೂ ಬಿಟ್ಟಿದ್ದರಿಂದಲೇ ಆ ಶೀಟಿನ ಕೆಳಗೆ ಅವನು ಅಷ್ಟು ಬೆಂದ ಅನ್ನುವುದೂ ಗೊತ್ತು. ಎರಡೂ ಗೊತ್ತಿದ್ದೂ ನನಗೆ ನೆಮ್ಮದಿಯಿಲ್ಲ.

ಅವತ್ತೇ ಮಳಿಗೆಯಿಂದ ಮೆಷಿನ್ ತಂದು ಆ ಪೆಟ್ಟಿಗೆಗೆ ಹಚ್ಚಿದೆ. ಚಿಕ್ಕಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಗ್ಯಾಸ್ ತುಂಬುತ್ತಾ ಬಂದ ಹಾಗೆ ಸಿಲಿಂಡರ್ ಬಿಸಿಯಾಗುತ್ತದೆ. ನಾನು ಅದರ ಮೇಲೆ ಅಂಗೈ ಇಟ್ಟೆ, ಆ ಬಿಸಿಯನ್ನೇ ಕಣ್ಣಿಗೊತ್ತಿಕೊಂಡೆ. ಚಿಕ್ಕಮ್ಮನೂ ಮೆಟ್ಟಿಲಿಳಿದು ಬಂದು ಕೈ ಚಾಚಿದರು.